ಬಿಜಾರಿನ ಕಬ್ಬಿಣದ ರತ್ನಗಂಬಳಿ

ರತ್ನಗಂಬಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಮನೆಯ ಸಭಾಂಗಣ, ಕಾಲಿಗೆ ಮೆತ್ತನೆಯ ಸ್ಪರ್ಶ, ಕಣ್ಣು ತುಂಬುವ ಬಣ್ಣ. ಅದನ್ನು ಕಬ್ಬಿಣಕ್ಕೆ ಹೋಲಿಸಬೇಕೆಂದು ಯಾರಿಗೂ ಸುಲಭವಾಗಿ ಹೊಳೆಯಲಾರದು. ಆದರೆ ಪರ್ಷಿಯದ, ಎಂದರೆ ಇಂದಿನ ಇರಾನಿನ, ಪಶ್ಚಿಮ ಭಾಗದಲ್ಲಿರುವ ಬಿಜಾರ್ ಎಂಬ ಊರಿನ ರತ್ನಗಂಬಳಿಗೆ ವ್ಯಾಪಾರಿಗಳು ಇಟ್ಟಿರುವ ಹೆಸರೇ ‘ಪರ್ಷಿಯದ ಕಬ್ಬಿಣದ ಗಂಬಳಿ’ ಎಂದು. ಅದರಲ್ಲಿ ಲೋಹದ ಒಂದು ತಂತಿಯೂ ಇಲ್ಲ. ಇರುವುದೆಲ್ಲ ಉಣ್ಣೆ ಮತ್ತು ಹತ್ತಿಯ ನೂಲು. ಹಾಗಾದರೆ ಈ ಗಟ್ಟಿತನ ಬಂದುದೆಲ್ಲಿಂದ? ಇದು ಕಲೆಯ ಪ್ರಶ್ನೆಯಾಗಿರುವಂತೆಯೇ ಭೌತವಿಜ್ಞಾನದ ಪ್ರಶ್ನೆಯೂ ಹೌದು.

ಬಿಜಾರ್ ಇರುವುದು ಕುರ್ದಿಸ್ತಾನ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ. ಚಳಿ ಕಠಿನ, ಕುರಿಗಳು ಹೇರಳ. ಊರಿನಲ್ಲಿಯೂ ಸುತ್ತಲಿನ ಗರ್ರೂಸ್ ಸೀಮೆಯ ಹಳ್ಳಿಗಳಲ್ಲಿಯೂ ನೆಲೆಸಿರುವವರು ಹೆಚ್ಚಾಗಿ ಕುರ್ದ ಜನರು. ಮಗ್ಗದ ಮುಂದೆ ಕುಳಿತುಕೊಳ್ಳುವವರು ಬಹುಮಟ್ಟಿಗೆ ಹೆಂಗಸರು.

ನಮ್ಮ ಮನೆಗಳ ಜಮಖಾನೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡೇ ಬಗೆಯ ಎಳೆಗಳಿರುವುವು. ರತ್ನಗಂಬಳಿಯಲ್ಲಿ ಇವುಗಳೊಡನೆ ಮೂರನೆಯದೊಂದುಂಟು, ಅದೇ ಗಂಟು. ಬಣ್ಣದ ಉಣ್ಣೆಯ ತುಂಡನ್ನು ಹಾಸಿನ ಎರಡೆರಡು ಎಳೆಗಳಿಗೆ ಸುತ್ತಿ, ಅದರ ತುದಿಗಳನ್ನು ನಡುವಿನಿಂದ ಈಚೆಗೆಳೆದು ಕತ್ತರಿಸುವರು. ಹೀಗೆ ಒಂದು ಸಾಲು ಗಂಟುಗಳು ಮುಗಿದ ಮೇಲೆ ಅಡ್ಡಲಾಗಿ ಹೊಕ್ಕನ್ನು ಹಾಯಿಸಿ, ಹಣಿಗೆಯಿಂದ ಬಡಿದು ಕೂಡಿಸುವರು. ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಂಬಳಿಯಲ್ಲಿ ಚದರ ಅಂಗುಲಕ್ಕೆ 150 ಗಂಟುಗಳಿವೆ ಎಂದಿಟ್ಟುಕೊಳ್ಳೋಣ. ಒಟ್ಟು ಗಂಟುಗಳು 11,66,400. ದಿನಕ್ಕೆ 8,000 ಗಂಟು ಹಾಕುವ ಚುರುಕು ಕೈಗೂ ಇದು ಸುಮಾರು 146 ದಿನಗಳ ದುಡಿಮೆ.

ಇಷ್ಟು ಎಲ್ಲ ಪರ್ಷಿಯನ್ ರತ್ನಗಂಬಳಿಗಳಿಗೂ ಸಾಮಾನ್ಯ. ಬಿಜಾರಿನ ವೈಶಿಷ್ಟ್ಯ ಕಾಣುವುದು ಹೊಕ್ಕಿನಲ್ಲಿ. ಅಲ್ಲಿಯವರು ದಪ್ಪನೆಯ ಹೊಕ್ಕೊಂದನ್ನು ಬಿಗಿಯಾಗಿ ಎಳೆದು ಹಾಯಿಸುವುದರಿಂದ, ಹಾಸಿನ ಪ್ರತಿಯೊಂದು ಜೋಡಿಯಲ್ಲಿಯೂ ಒಂದು ಎಳೆ ಮುಂದೆ ಉಳಿದು ಇನ್ನೊಂದು ಅದರ ಬೆನ್ನ ಹಿಂದೆ ಸರಿಯುವುದು. ಅಕ್ಕಪಕ್ಕದಲ್ಲಿ ನಿಂತವರು ಒಬ್ಬರ ಹಿಂದೊಬ್ಬರು ನಿಂತರೆ ಅದೇ ಜಾಗದಲ್ಲಿ ಹೆಚ್ಚು ಮಂದಿ ಹಿಡಿಯುವರಷ್ಟೆ. ಇಲ್ಲಿಯೂ ಅದೇ ಲೆಕ್ಕ. ಅದೇ ಅಗಲದಲ್ಲಿ ಹೆಚ್ಚು ಎಳೆಗಳು ತುಂಬುವುವು, ಗಂಬಳಿಯ ಮೈ ದಪ್ಪವಾಗುವುದು. ಬಳಿಕ ಒದ್ದೆ ಮಾಡಿದ ಹೊಕ್ಕುಗಳನ್ನು ಭಾರವಾದ ಲೋಹದ ಹಣಿಗೆಯಿಂದ ಬಲವಾಗಿ ಬಡಿಯುವರು.

ಒದ್ದೆ ಮಾಡುವುದೇಕೆ? ಉಣ್ಣೆ ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ನೀಳವಾದ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಹೈಡ್ರೊಜನ್ ಬಂಧಗಳೂ ಸೇರಿವೆ. ನೀರು ಒಳಹೊಕ್ಕಾಗ ಇವುಗಳಲ್ಲಿ ಅನೇಕ ಸಡಿಲಗೊಂಡು ಎಳೆ ಮೃದುವಾಗಿ ಬಾಗುವುದು. ನೀರು ಆರಿದಾಗ ಬಂಧಗಳು ಹೊಸ ಸ್ಥಾನದಲ್ಲಿ ಮತ್ತೆ ಕೂಡಿಕೊಳ್ಳುವುವು. ಒದ್ದೆಯ ಕೂದಲನ್ನು ಬಾಚಿ ಕಟ್ಟಿ ಒಣಗಿಸಿದರೆ ಅದು ಅದೇ ಬಾಗಿನಲ್ಲಿ ನಿಲ್ಲುವುದನ್ನು ವಾಚಕರು ಕಂಡೇ ಇರುವರು. ಹಾಗೆಯೇ ಉಣ್ಣೆಯ ಹೊಕ್ಕೂ ಪೆಟ್ಟು ತಿಂದು ಇಕ್ಕಟ್ಟಿನಲ್ಲಿ ಕುಳಿತು, ಒಣಗಿದ ಮೇಲೆ ಆ ಆಕಾರವನ್ನೇ ಉಳಿಸಿಕೊಳ್ಳುವುದು.

ಉಳಿದ ಕೆಲಸವನ್ನು ಘರ್ಷಣೆ ಮಾಡುವುದು. ಉಣ್ಣೆಯ ನಾರು ಒಂದೊಂದೂ ಕೆಲವೇ ಸೆಂಟಿಮೀಟರ್ ಉದ್ದ. ಅವುಗಳನ್ನು ನೂಲಾಗಿಯೂ, ನೂಲನ್ನು ಗಂಬಳಿಯಾಗಿಯೂ ಹಿಡಿದಿರುವುದು ಅಂಟಲ್ಲ, ಘರ್ಷಣೆ. ಎಳೆಗಳು ಒಂದನ್ನೊಂದು ಎಷ್ಟು ಬಲವಾಗಿ ಒತ್ತುವುವೋ ಅವುಗಳ ನಡುವಣ ಘರ್ಷಣೆಯೂ ಅಷ್ಟಕ್ಕಷ್ಟೂ ಹೆಚ್ಚುವುದು. ಆದಕಾರಣ ಬಿಜಾರಿನ ಗಂಟು ಸುಲಭವಾಗಿ ಕಳಚದು. ಕುಚ್ಚುಗಳ ಬುಡವನ್ನು ಕೊರೆಯುವ ಮರಳಿಗೂ ಒಳಗಿಳಿಯಲು ಎಡೆ ದೊರೆಯದು.

ಆದರೆ ಈ ಬಲದಲ್ಲಿಯೇ ಒಂದು ದೌರ್ಬಲ್ಯವೂ ಅಡಗಿದೆ. ಬಿಜಾರಿನ ಗಂಬಳಿಯನ್ನು ಸುರುಳಿ ಸುತ್ತಬೇಕೇ ಹೊರತು ಮಡಿಚಬಾರದು. ಒಂದು ಸೆಂಟಿಮೀಟರ್ ದಪ್ಪದ ಹಾಳೆಯನ್ನು ಹತ್ತು ಸೆಂಟಿಮೀಟರ್ ತ್ರಿಜ್ಯದ ಕಂಬಕ್ಕೆ ಸುತ್ತಿದರೆ, ಅದರ ಹೊರಮೈ ನಡುಪದರಕ್ಕಿಂತ ನೂರಕ್ಕೆ ಐದರಷ್ಟು ಮಾತ್ರ ಹಿಗ್ಗಬೇಕಾಗುವುದು. ಅದನ್ನೇ ಗಟ್ಟಿಯಾಗಿ ಮಡಿಚಿದರೆ, ಮಡಿಕೆಯ ಹೊರಮೈ ನಡುಪದರದ ಎರಡರಷ್ಟು ಉದ್ದವಾಗಬೇಕಾಗುವುದು. ಸಡಿಲವಾದ ನೇಯ್ಗೆಯಲ್ಲಿ ಎಳೆಗಳು ಜಾರಿ ಈ ಕಷ್ಟದಿಂದ ಪಾರಾಗುವುವು. ಜಾರಲು ಎಡೆಯೇ ಇಲ್ಲದ ಬಿಜಾರಿನಲ್ಲಿ ಅವು ತುಂಡಾಗುವುವು.

ಚಿತ್ತಾರದಲ್ಲಿಯೂ ಈ ಗಂಬಳಿ ಬಡವಲ್ಲ. ಮಂಜಿಷ್ಠದ ಜಾತಿಯ ಬೇರಿನ ಕೆಂಪು, ನೀಲಿಗಿಡದ ನೀಲಿ ಇದರ ಹಳೆಯ ಬಣ್ಣಗಳು. ಹೂವನ್ನು ಬಳಸಿದ ವಜ್ರಾಕೃತಿ, ಅದರ ಸುತ್ತ ಬಾಗಿದ ಎಲೆಗಳು: ಇದು ‘ಹೆರಾತಿ’ ಚಿತ್ತಾರ. ಎಲೆಗಳು ಮೀನಿನಂತೆ ತೋರುವುದರಿಂದ ಇದಕ್ಕೆ ಮೀನೆಂಬ ಅರ್ಥದ ‘ಮಾಹಿ’ ಎಂಬ ಹೆಸರೂ ಉಂಟು. ‘ವಗೀರೆ’ ಎಂಬ ಸಣ್ಣ ಮಾದರಿ ಗಂಬಳಿಯನ್ನು ನೇಯ್ದಿಟ್ಟುಕೊಂಡು, ಅದನ್ನು ನೋಡಿ ದೊಡ್ಡದನ್ನು ನೇಯುವ ವಾಡಿಕೆಯೂ ಇತ್ತು.

ಮೊದಲನೆಯ ಮಹಾಯುದ್ಧದಲ್ಲಿ ರಷ್ಯ ಮತ್ತು ತುರ್ಕಿಯ ಸೇನೆಗಳು ಈ ಸೀಮೆಯನ್ನು ತುಳಿದುವು. ಬೆನ್ನಿಗೇ ಕ್ಷಾಮ ಬಂದಿತು. ಆದರೂ ಮಗ್ಗಗಳು ಅಳಿಯಲಿಲ್ಲ. ನಮ್ಮ ಕಾಲದಲ್ಲಿ, 2010ರಲ್ಲಿ, ಅಮೆರಿಕವು ಇರಾನಿನ ರತ್ನಗಂಬಳಿಗಳ ಆಮದನ್ನು ನಿಷೇಧಿಸಿತು. 2016ರಲ್ಲಿ ತೆರೆದ ಬಾಗಿಲು 2018ರಲ್ಲಿ ಮತ್ತೆ ಮುಚ್ಚಿತು.

ಇಂತಹ ಇಕ್ಕಟ್ಟಿನಲ್ಲಿ ಮೊದಲು ನಷ್ಟವಾಗಬಹುದಾದುದು ಯಾವುದೆಂಬುದನ್ನು ಮಗ್ಗದ ಲೆಕ್ಕವೇ ತಿಳಿಸುವುದು. ಹಣಿಗೆಯ ಪ್ರತಿಯೊಂದು ಪೆಟ್ಟೂ ನೇಯ್ದುದನ್ನು ತುಸು ಗಿಡ್ಡವಾಗಿಸುವುದು. ಬಲವಾಗಿ ಬಡಿದವಳ ಗಂಬಳಿ ನಿಧಾನವಾಗಿ ಬೆಳೆಯುವುದು, ಹೆಚ್ಚು ಉಣ್ಣೆಯನ್ನು ನುಂಗುವುದು. ಹಗುರವಾಗಿ ಬಡಿದವಳದು ಬೇಗ ಮುಗಿಯುವುದು. ಹಾಸಿದಾಗ ಎರಡೂ ಒಂದೇ ಅಳತೆ, ಒಂದೇ ಹೂವು. ಕೊಳ್ಳುವವನು ಉದ್ದಗಲವನ್ನು ಅಳೆದು, ಬಣ್ಣವನ್ನು ನೋಡಿ ಬೆಲೆ ಕಟ್ಟಿದರೆ, ಬಲವಾಗಿ ಬಡಿದವಳಿಗೆ ಸಿಕ್ಕುವುದು ತೋಳಿನ ನೋವು ಮಾತ್ರ. ಆದುದರಿಂದ ಬಿಜಾರಿನ ಗಂಬಳಿ ಕೈಗೆ ಬಂದಾಗ ಹೂವನ್ನು ಮೆಚ್ಚಿ ಸುಮ್ಮನಾಗದೆ, ಅದರ ಬೆನ್ನನ್ನು ತಿರುಗಿಸಿ ಬೆರಳಿನಿಂದ ಒತ್ತಿ ನೋಡಬೇಕು. ಅಲ್ಲಿ ನಮ್ಮ ಬೆರಳಿಗೆ ಎದುರಾಗುವ ಕಾಠಿನ್ಯವೇ ಕಾಣದ ಆ ತೋಳುಗಳ ದುಡಿಮೆ.