ಬಸ್ಸಿಗೆ ಗ್ಯಾರಂಟಿ ಇದೆ, ಕೂಲಿಗೆ?

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಂಥ ಊರಲ್ಲಿ ಮಗು ನಾಲ್ಕು ತಿಂಗಳಾದರೂ ಕತ್ತು ನಿಲ್ಲಿಸದಿದ್ದರೆ ಹಿರಿಯರು ಹೇಳೋದು, "ನಂಜುಂಡಪ್ಪಂಗೆ ಹರಕೆ ಹೊತ್ಕೊ". ಟಿಪ್ಪುವೇ ಹಕೀಂ ಅಂತ ಕರೆದ ಅನ್ನೋ ಪ್ರತೀತಿಯ ದೇವರು. ಹರಕೆ ಬೇಡ ಅನ್ನೋಕೆ ನಾನ್ಯಾರು? ಜೊತೆಗೆ ಮಕ್ಕಳ ವೈದ್ಯರಿಗೂ ತೋರಿಸಿ ಅಂತೀನಿ, ಅಷ್ಟೇ.

ಅದು ಸೆರೆಬ್ರಲ್ ಪಾಲ್ಸಿ ಇರಬಹುದು. ಶಾಪವಲ್ಲ, ಅಂಟುರೋಗವೂ ಅಲ್ಲ. ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುತ್ತೆ. ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗ ಆಮ್ಲಜನಕದ ಕೊರತೆ, ತೀವ್ರ ಕಾಮಾಲೆ, ಮಿದುಳಿನ ಸೋಂಕು, ಹೀಗೆ ಕಾರಣ ಹಲವು. ಪೆಟ್ಟು ಹೆಚ್ಚಾಗಲ್ಲ, ಮಾಯೋದೂ ಇಲ್ಲ. ಆದರೆ ವ್ಯಾಯಾಮ ತಪ್ಪಿದರೆ ಸ್ನಾಯು ಬಿಗಿದು ಕೀಲುಗಳು ಸೆಟೆದುಕೊಳ್ಳುತ್ತವೆ. ಅದಕ್ಕೇ ಥೆರಪಿ ವರ್ಷಗಟ್ಟಲೆ ನಡೀಬೇಕು.

ಬಡವರ ಲೆಕ್ಕ ತಪ್ಪೋದು ಇಲ್ಲೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. 2023ರಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ದುಡ್ಡೂ ಇಲ್ಲ. ಆದರೆ ಮಗುವನ್ನ ಎತ್ತಿಕೊಂಡು ಹೋಗಿ ಬಂದರೆ ಒಂದು ದಿನದ ಕೂಲಿ ಹೋಯ್ತು. ಅದಕ್ಕೆ ಯಾವ ಗ್ಯಾರಂಟಿ? ನಾಲ್ಕು ವಾರ ಹೋಗ್ತಾಳೆ, ಐದನೇ ವಾರ ನಾಟಿ ಕೆಲಸ ಬರುತ್ತೆ. ಥೆರಪಿ ನಿಲ್ಲುತ್ತೆ. ಆಮೇಲೆ ನಾವೇ ಅಂತೀವಿ, ಹೆತ್ತವರಿಗೆ ಕಾಳಜಿ ಇಲ್ಲ ಅಂತ!

ವೀಕ್ಷಕರೇ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು. ಯುಡಿಐಡಿ ಕಾರ್ಡ್ ಮಾಡಿಸಿ. ಥೆರಪಿಯೂ ಸೇರಿ 1 ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆ ಇದೆ. ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ.

ಸರ್ಕಾರಕ್ಕೆ ನನ್ನದೊಂದೇ ಮಾತು. ಮಗು ಥೆರಪಿ ಹುಡುಕಿಕೊಂಡು ಹೋಗೋದಲ್ಲ, ಥೆರಪಿಯೇ ಊರಿಗೆ ಬರಲಿ.