ನಿಮಗಿದು ಗೊತ್ತೆ? ಕಡಿದ ಮರ ಕಸವಲ್ಲ

ಮನೆಯಂಗಳದಲ್ಲಿ ಕಡಿಸಿದ ಹಲಸು, ಮಾವು, ಬೇವಿನಂತಹ ಮರಗಳ ದಿಮ್ಮಿಗಳನ್ನು ಸೌದೆಯೆಂದು ಸುಟ್ಟುಬಿಡದೆ ಕ್ರಮವಾಗಿ ಒಣಗಿಸಿದರೆ ಅವು ಬಾಗಿಲು, ಮಣೆ, ಪೀಠೋಪಕರಣಗಳಾಗಿ ದಶಕಗಳ ಕಾಲ ಬಾಳುತ್ತವೆ. ವೀಣೆಯ ಕೊಡವನ್ನು ಸಾಂಪ್ರದಾಯಿಕವಾಗಿ ಕೊರೆಯುವುದೂ ಹಲಸಿನ ಮರದಿಂದಲೇ.

ಹಸಿ ಮರದ ಕೋಶಗಳೊಳಗಿನ ನೀರೆಲ್ಲ ಆರಿ, ಕೋಶಭಿತ್ತಿಗಳಲ್ಲಿ ಹಿಡಿದಿಟ್ಟ ನೀರು ಮಾತ್ರ ಉಳಿಯುವ ಹಂತಕ್ಕೆ, ಅಂದರೆ ತೇವಾಂಶವು ಮರದ ಒಣತೂಕದ ಸುಮಾರು ಶೇ. 30ಕ್ಕೆ ಇಳಿದ ಹಂತಕ್ಕೆ, ‘ತಂತು ಸಂತೃಪ್ತ ಬಿಂದು’ ಎಂದು ಹೆಸರು. ಮರ ಕುಗ್ಗಲು ತೊಡಗುವುದು ತೇವ ಇದಕ್ಕಿಂತ ಕೆಳಗಿಳಿದಾಗ. ನೀರು ಸಾಗಿಸುವ ನಾಳಗಳು ಕೊಯ್ದ ತುದಿಗಳಲ್ಲಿ ಬಾಯ್ದೆರೆದಿರುವುದರಿಂದ ಅಲ್ಲಿ ತೇವ ಬಹುಬೇಗ ಆರಿ ಬಿರುಕು ಮೂಡುತ್ತದೆ. ಆದಕಾರಣ ಕಡಿದ ಕೂಡಲೇ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ದಪ್ಪಗೆ ಬಳಿದು, ಕೊಯ್ಸಿದ ಹಲಗೆಗಳನ್ನು ನೆಲಕ್ಕೆ ತಾಗದಂತೆ, ಗಾಳಿಯಾಡಲು ನಡುನಡುವೆ ರೀಪುಗಳನ್ನಿಟ್ಟು, ನೆರಳಿನಲ್ಲಿ ತಿಂಗಳುಗಟ್ಟಲೆ ಒಟ್ಟಿಡಬೇಕು.

ರೆಂಬೆಗಳ ಚೂರನ್ನು ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ. ಆದರೆ ಹಸಿ ಚೂರನ್ನು ಮಣ್ಣಿನೊಳಗೆ ಬೆರೆಸಬಾರದು, ಏಕೆಂದರೆ ಇಂಗಾಲ ಹೇರಳವಾಗಿರುವ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ.