ಮೂಕ ಪರಿವರ್ತಕಕ್ಕೆ ಮಾತು ಬಂದಾಗ

ಬೇಸಗೆಯ ದಿನಗಳಲ್ಲಿ ಬಯಲುಸೀಮೆಯ ಹಳ್ಳಿಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದುಂಟು: ‘ಟಿ.ಸಿ. ಸುಟ್ಟುಹೋಯಿತು!’ ಅದರೊಡನೆಯೇ ಕೊಳವೆಬಾವಿಗಳ ಪಂಪುಗಳು ಮೌನ ತಾಳುತ್ತವೆ. ಕಾಯಿ ಕಟ್ಟುತ್ತಿರುವ ಟೊಮೇಟೊ ಬಾಡತೊಡಗುತ್ತದೆ. ರೈತನು ಒಮ್ಮೆ ಮುಗಿಲನ್ನೂ ಒಮ್ಮೆ ವಿದ್ಯುತ್ ಕಚೇರಿಯ ಬಾಗಿಲನ್ನೂ ನೋಡುತ್ತಾನೆ. ಹೊಸ ಟಿ.ಸಿ. ಬರುವವರೆಗೆ ಬೆಳೆ ಕಾಯುವುದೇ?

ಹಳ್ಳಿಗರು ಟಿ.ಸಿ. ಎಂದು ಕರೆಯುವ ಈ ವಿದ್ಯುತ್ ಪರಿವರ್ತಕವು 11,000 ವೋಲ್ಟಿನ ಒತ್ತಡವನ್ನು ಪಂಪಿಗೂ ದೀಪಕ್ಕೂ ಒಗ್ಗುವಷ್ಟು ತಗ್ಗಿಸಿಕೊಡುತ್ತದೆ. ಅದರ ಒಡಲಿನಲ್ಲಿರುವುದು ಕಾಗದ ಸುತ್ತಿದ ತಂತಿಯ ಸುರುಳಿಗಳು ಮತ್ತು ಅವು ಮುಳುಗಿರುವ ಎಣ್ಣೆ. ಎಣ್ಣೆ ಕೆಟ್ಟರೆ ಸೋಸಬಹುದು, ಬದಲಿಸಬಹುದು. ಕಂದಿದ ಕಾಗದಕ್ಕೆ ಮರುಜನ್ಮವಿಲ್ಲ. ಸುರುಳಿಯ ಅತಿ ಬಿಸಿಯಾದ ಭಾಗವು 98 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಪ್ರತಿ 6 ಡಿಗ್ರಿಗೂ ಸಾಮಾನ್ಯ ಕಾಗದದ ಸವೆತ ಇಮ್ಮಡಿಸುವುದೆಂಬುದು ಎಂಜಿನಿಯರುಗಳ ಲೆಕ್ಕ. ಎಂದರೆ, 110 ಡಿಗ್ರಿಯಲ್ಲಿ ದುಡಿದ ಒಂದು ದಿನವು ಆಯುಸ್ಸಿನ ನಾಲ್ಕು ದಿನಗಳನ್ನು ನುಂಗುತ್ತದೆ.

ಹೀಗಾಗಿ ಟಿ.ಸಿ.ಯ ಸಾವು ಹಲವೊಮ್ಮೆ ಒಂದೇ ರಾತ್ರಿಯಲ್ಲಿ ಬಂದುದಲ್ಲ. ಲೆಕ್ಕಕ್ಕಿಲ್ಲದ ಪಂಪುಗಳ ಹೊರೆ, ಮೂರು ಫೇಸುಗಳಲ್ಲಿ ಒಂದರ ಮೇಲೆಯೇ ಬಿದ್ದ ಭಾರ, ಹನಿಹನಿಯಾಗಿ ಸೋರಿದ ಎಣ್ಣೆ—ಇವೆಲ್ಲವೂ ಮೊದಲೇ ಸುಳಿವು ಕೊಟ್ಟಿರುತ್ತವೆ. ಆದರೆ ನೋಡುವವರಾರು? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಂದಿನಿಂದಲೂ ಉತ್ಪಾದನಾ ಕೇಂದ್ರದ ಯಂತ್ರಗಳಿಗೆ ಕಾವಲಿನ ಕಣ್ಣುಗಳಿವೆ. ಹೊಲದ ಬದುವಿನ ಟಿ.ಸಿ.ಗೆ ಆ ಭಾಗ್ಯವಿರಲಿಲ್ಲ.

ಈಗ ಆ ಕೊರತೆಯನ್ನು ತುಂಬುವ ಉಪಕರಣಗಳು ಬಂದಿವೆ. ಒಂದೊಂದು ತಂತಿಯ ಸುತ್ತಲೂ ಪ್ರವಾಹವನ್ನಳೆಯುವ ಉಂಗುರ. ಎಣ್ಣೆಯ ಬಿಸಿಯನ್ನೂ ಮಟ್ಟವನ್ನೂ ಅರಿಯುವ ಸಂವೇದಕಗಳು. ಕಂಬಕ್ಕೆ ಬಿಗಿದ ಪುಟ್ಟ ಪೆಟ್ಟಿಗೆಯಲ್ಲಿ ಮೊಬೈಲಿನಲ್ಲಿರುವಂಥದೇ ಸಿಮ್ ಕಾರ್ಡು. ಕೆಲವು ನಿಮಿಷಗಳಿಗೊಮ್ಮೆ ನಾಡಿಯ ವರದಿ ದೂರದ ಕಚೇರಿಯ ಪರದೆಗೆ ಮುಟ್ಟುತ್ತದೆ. ವಿದ್ಯುತ್ ಕಡಿದರೆ, ಪೆಟ್ಟಿಗೆಯೊಳಗಿನ ಬ್ಯಾಟರಿಯ ಬಲದಿಂದ ಆ ಸುದ್ದಿಯೂ ಹೋಗುತ್ತದೆ. ಯಾವ ಫೇಸಿಗೆ ಹೊರೆ ಹೆಚ್ಚಿದೆಯೆಂದು ತಿಳಿದರೆ ಅದನ್ನು ಹಂಚಬಹುದು, ಟಿ.ಸಿ.ಯೇ ಚಿಕ್ಕದಾದರೆ, ಸುಡುವ ಮೊದಲೇ ದೊಡ್ಡದನ್ನು ಕೂಡಿಸಬಹುದು.

ಆದರೂ ಪರದೆಯನ್ನೇ ಪ್ರಮಾಣವೆಂದು ನಂಬಿ ಕಂಬವೇರುವಂತಿಲ್ಲ. ‘ಪ್ರವಾಹವಿಲ್ಲ’ ಎಂದು ಅದು ತೋರಿದಾಗಲೂ ಯಾರದೋ ಜನರೇಟರು ತಂತಿಗೆ ಹಿಮ್ಮುಖವಾಗಿ ವಿದ್ಯುತ್ತನ್ನು ನೂಕುತ್ತಿರಬಹುದು. ಸಂಪರ್ಕ ಕಡಿದು, ಪರೀಕ್ಷಿಸಿ, ತಂತಿಯನ್ನು ಭೂಮಿಗೆ ಜೋಡಿಸಿದ ಮೇಲೆಯೇ ಲೈನ್‌ಮ್ಯಾನನ ಕೈ ಅದನ್ನು ಮುಟ್ಟಬೇಕು. ಅವನ ಮನೆಯಲ್ಲಿಯೂ ದಾರಿ ಕಾಯುವವರಿದ್ದಾರೆ.

ಮೂಕ ಯಂತ್ರಕ್ಕೆ ಮಾತೇನೋ ಬಂದಿತು. ಆ ಮಾತು ಕಿವಿಗೆ ಬಿದ್ದೊಡನೆ ಎದ್ದು ಹೊರಡುವ ಮನುಷ್ಯನೊಬ್ಬನಿದ್ದರೆ ಮಾತ್ರ ರೈತನ ಬೆಳೆ ಉಳಿದೀತು.